ಆಪರೇಷನ್ ಆಗಿದೆ, ಆದರೂ ಸಿಟಿ ಸ್ಕ್ಯಾನ್ ರಿಪೋರ್ಟ್‌ನಲ್ಲಿ ‘ಡಿಸೆಕ್ಷನ್ ಉಳಿದಿದೆ’ ಅಂತ ಇದೆ. ಗೊತ್ತಿರುವವರು ಹೇಳಿ

ನಾಪೋಕ್ಲು_ರೋಬಸ್ಟಾ
ಎಲ್ಲರಿಗೂ ನಮಸ್ಕಾರ. ವಿಷಯ ನನ್ನ ಸೋದರಮಾವನದ್ದು. ವಯಸ್ಸು 58, ಬಿಪಿ ಇದೆ, ಮಾತ್ರೆ ನೆನಪಾದರೆ ಉಂಟು ಇಲ್ಲದಿದ್ದರೆ ಇಲ್ಲ. ಜನವರಿಯಲ್ಲಿ ಕಾಫಿ ಕೊಯ್ಲು ಜೋರಾಗಿದ್ದಾಗ ಬೆಳಗ್ಗೆ ಕಣದಲ್ಲಿ ಕಾಫಿ ಹರಡುತ್ತಿದ್ದವರು ಎದೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟರು.

ಮೊದಲು ಹೋದ ಆಸ್ಪತ್ರೆಯಲ್ಲಿ ಇಸಿಜಿ ನಾರ್ಮಲ್ ಬಂತು. ಗ್ಯಾಸ್ ಅಂತ ಹೇಳಿ ಒಂದು ಇಂಜೆಕ್ಷನ್ ಕೊಟ್ಟು ಮಲಗಿಸಿದರು. ಮಾವ ಮಾತ್ರ ‘ಬೆನ್ನು ಸೀಳಿದ ಹಾಗೆ ಆಗ್ತಿದೆ’ ಅಂತ ಒಂದೇ ಸಮನೆ ಹೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಎಡಗಾಲು ತಣ್ಣಗಾಯಿತು, ಎತ್ತಲಿಕ್ಕೇ ಆಗಲಿಲ್ಲ. ಡ್ಯೂಟಿ ಬದಲಾಗಿ ಬಂದ ಡಾಕ್ಟರು ತೊಡೆಸಂದಿಯಲ್ಲಿ ನಾಡಿ ಹುಡುಕಿದರು, ಸಿಗಲಿಲ್ಲ. ಎರಡೂ ಕೈಗೆ ಬಿಪಿ ನೋಡಿದರು, ಒಂದರಲ್ಲಿ 170, ಇನ್ನೊಂದರಲ್ಲಿ 120. ತಕ್ಷಣ ಸಿಟಿ ಮಾಡಿಸಿದರು. ಟೈಪ್ ಎ ಅಯೋರ್ಟಿಕ್ ಡಿಸೆಕ್ಷನ್, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಗೋಡೆ ಸೀಳಿದೆ ಅಂದರು. ಮೈಸೂರಿಗೆ ಓಡಿದೆವು, ರಾತ್ರಿಯಿಡೀ ಆಪರೇಷನ್ ನಡೆಯಿತು. ಆಮೇಲೆ ಐಸಿಯುನಲ್ಲಿ ಕಿಡ್ನಿ ಕೈಕೊಟ್ಟು ಸ್ವಲ್ಪ ದಿನ ಡಯಾಲಿಸಿಸ್ ಬೇಕಾಯಿತು. ಈಗ ಮನೆಯಲ್ಲಿದ್ದಾರೆ, ನಡೆದಾಡುತ್ತಾರೆ. ದನಿ ಮಾತ್ರ ಒಡೆದುಹೋಗಿದೆ.

ತೊಂದರೆ ಏನೆಂದರೆ, ಆಪರೇಷನ್ ನಂತರದ ಸಿಟಿಯಲ್ಲಿ ಆ ರಕ್ತನಾಳ ಬಾಗುವ ಕಮಾನಿನಿಂದ ಕೆಳಗೆ, ಹೊಟ್ಟೆಯವರೆಗೂ ಡಿಸೆಕ್ಷನ್ ಹಾಗೇ ಇದೆ ಎಂದು ಬರೆದಿದ್ದಾರೆ. ನೆಂಟರಲ್ಲಿ ಒಬ್ಬರು ‘ಅರ್ಧ ಆಪರೇಷನ್ ಮಾಡಿ ಕಳಿಸಿದ್ದಾರೆ, ಕೇಸ್ ಹಾಕಿ’ ಅಂತಿದ್ದಾರೆ. ಇನ್ನೊಬ್ಬರು ಬೆಂಗಳೂರಿಗೆ ಕರೆದುಕೊಂಡು ಹೋಗಿ ಅಂತಾರೆ. ನಿಜವಾಗಿ ಇದೇನು?

ಸುಂಟಿಕೊಪ್ಪದವ
ದೇವರು ದೊಡ್ಡವನು. ನಮ್ಮ ಪಕ್ಕದ ತೋಟದವರು ಇದೇ ಥರ ಎದೆನೋವು ಅಂತ ಹೇಳಿ ಕುಶಾಲನಗರ ದಾಟಲಿಲ್ಲ. ಹಾರ್ಟ್ ಅಟ್ಯಾಕ್ ಅಂತಲೇ ಎಲ್ಲರೂ ಅಂದುಕೊಂಡೆವು. ಈಗ ಇದನ್ನು ಓದಿ ಅನುಮಾನ ಬರ್ತಿದೆ.

ಡಾಕ್ಟ್ರು_ಗೋಣಿಕೊಪ್ಪ
ನಾನು ಫಿಸಿಷಿಯನ್, ಸರ್ಜನ್ ಅಲ್ಲ. ಆದರೂ ಇದಕ್ಕೆ ಉತ್ತರ ಹೇಳಬಹುದು: ಅರ್ಧ ಆಪರೇಷನ್ ಅಲ್ಲ, ಬಹುತೇಕ ಕಡೆ ಮಾಡುವ ಆಪರೇಷನ್ನೇ ಅದು.

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಅಯೋರ್ಟಾ. ಅದರ ಗೋಡೆಗೆ ಮೂರು ಪದರ. ತೋಟದಲ್ಲಿ ಸ್ಪ್ರಿಂಕ್ಲರ್‌ಗೆ ಹಾಕುವ ಹಳೇ ರಬ್ಬರ್ ಹೋಸ್ ನೋಡಿದ್ದೀರಲ್ಲ, ಒಳಗಿನ ಪದರ ಬಿರುಕು ಬಿಟ್ಟರೆ ನೀರು ಪದರಗಳ ನಡುವೆ ನುಗ್ಗಿ ಉದ್ದಕ್ಕೂ ಉಬ್ಬಿಕೊಂಡು ಹೋಗುತ್ತದೆ. ಹಾಗೆಯೇ ಇದು. ರಕ್ತ ಗೋಡೆಯೊಳಗೆ ನುಗ್ಗಿ ಸುಳ್ಳು ದಾರಿ ಮಾಡಿಕೊಳ್ಳುತ್ತದೆ, ನಿಜವಾದ ದಾರಿ ಒತ್ತಿ ಕಿರಿದಾಗುತ್ತದೆ. ಎಡಗಾಲಿಗೆ ಹೋಗುವ ದಾರಿ ಒತ್ತಿಹೋಗಿ ನಿಮ್ಮ ಮಾವನ ಕಾಲು ತಣ್ಣಗಾಯಿತು. ಕಿಡ್ನಿಯದ್ದೂ ಬಹುಶಃ ಅದೇ ಕಥೆ.

ಹೃದಯದಿಂದ ಮೇಲಕ್ಕೆ ಏರುವ ಭಾಗದಲ್ಲಿ ಸೀಳು ಇದ್ದರೆ ಟೈಪ್ ಎ. ಅದು ಹೃದಯದ ಚೀಲದೊಳಕ್ಕೆ ಒಡೆಯಬಹುದು, ಕವಾಟ ಕೆಡಬಹುದು, ಹೃದಯದ ರಕ್ತನಾಳವನ್ನೇ ಮುಚ್ಚಬಹುದು. ಆಪರೇಷನ್ ಇಲ್ಲದೆ ಬಿಟ್ಟರೆ ಮೊದಲ 48 ಗಂಟೆಗಳಲ್ಲಿ ಪ್ರತಿ ಗಂಟೆಗೆ 100ಕ್ಕೆ 1–2 ಜನ ಸಾಯುತ್ತಾರೆ ಎಂಬುದು ಪಠ್ಯಪುಸ್ತಕದ ಹಳೇ ಲೆಕ್ಕ. ಹಾಗಾಗಿ ಸರ್ಜನ್ ಮೊದಲು ಈ ಭಾಗವನ್ನು ಕತ್ತರಿಸಿ ಡೇಕ್ರಾನ್ ಬಟ್ಟೆಯ ಕೊಳವೆ ಹೊಲಿಯುತ್ತಾರೆ. ಕೆಳಗೆ ಹೊಟ್ಟೆಯವರೆಗೆ ಹೋದ ಸೀಳನ್ನು ಆ ರಾತ್ರಿ ಮುಟ್ಟಲು ಹೋದರೆ ರೋಗಿ ಟೇಬಲ್ ಮೇಲೆಯೇ ಉಳಿಯದಿರಬಹುದು. ಕೆಳಗಿನ ಭಾಗ ಉಳಿಯುವುದು ತುಂಬಾ ಸಾಮಾನ್ಯ. ಅದನ್ನು ಬಿಪಿ ಮಾತ್ರೆ ಮತ್ತು ಸ್ಕ್ಯಾನ್‌ನಿಂದ ಕಾಯುತ್ತಾ ಇರಬೇಕು.

ಎಸ್ಟೇಟ್_ತಾತ
ಒಪ್ಪಲ್ಲ ಡಾಕ್ಟ್ರೇ. ಈಗ ಎಲ್ಲದಕ್ಕೂ ಸ್ಟೆಂಟ್ ಇದೆ. ನನ್ನ ರೆಜಿಮೆಂಟಿನ ಗೆಳೆಯನಿಗೆ ಇದೇ ಅಯೋರ್ಟಾಕ್ಕೆ ತೊಡೆಯಿಂದ ಸ್ಟೆಂಟ್ ಹಾಕಿ ನಾಲ್ಕು ದಿನದಲ್ಲಿ ಮನೆಗೆ ಕಳಿಸಿದರು. ಎದೆ ಯಾಕೆ ಕೊಯ್ಯಬೇಕಿತ್ತು?

ಡಾಕ್ಟ್ರು_ಗೋಣಿಕೊಪ್ಪ
ತಾತ, ನಿಮ್ಮ ಗೆಳೆಯನದ್ದು ಟೈಪ್ ಬಿ ಇರಬೇಕು. ಎಡಗೈ ರಕ್ತನಾಳ ದಾಟಿದ ಮೇಲೆ ಶುರುವಾಗುವ ಸೀಳು. ಅದಕ್ಕೆ ಬಹಳ ಸಲ ಬಿಪಿ, ನೋವು ಇಳಿಸಿದರೇ ಸಾಕು. ನೋವು ನಿಲ್ಲದಿದ್ದರೆ, ಕರುಳಿಗೋ ಕಾಲಿಗೋ ರಕ್ತ ಹೋಗದಿದ್ದರೆ, ಒಡೆಯುವ ಲಕ್ಷಣ ಇದ್ದರೆ ಸ್ಟೆಂಟ್. ಟೈಪ್ ಎನಲ್ಲಿ ಜಾಗವೇ ಬೇರೆ. ಕೆಳಗೆ ಹೃದಯದ ಕವಾಟ, ಪಕ್ಕದಲ್ಲೇ ಹೃದಯಕ್ಕೆ ರಕ್ತ ಕೊಡುವ ನಾಳಗಳು, ಮೇಲೆ ಮೆದುಳಿಗೆ ಹೋಗುವ ಮೂರು ಕವಲು. ಸಾಮಾನ್ಯ ಸ್ಟೆಂಟ್ ಅಲ್ಲಿ ಕೂರುವುದಿಲ್ಲ.

ಎಸ್ಟೇಟ್_ತಾತ
ಸರಿ, ಹಾಗಾದರೆ ಒಪ್ಪಿದೆ. ಆದರೂ ನಮ್ಮ ಕಾಲದಲ್ಲಿ ಈ ಕಾಯಿಲೆಗಳೇ ಇರಲಿಲ್ಲ.

ಪೊನ್ನಂಪೇಟೆ_ಮೇಷ್ಟ್ರು
ಇತ್ತು ತಾತ, ಹೆಸರಷ್ಟೇ ಗೊತ್ತಿರಲಿಲ್ಲ. ಇಂಗ್ಲೆಂಡಿನ ದೊರೆ ಎರಡನೇ ಜಾರ್ಜ್ ಸತ್ತದ್ದು ಇದರಿಂದಲೇ, 1760ರಲ್ಲಿ, ಬೆಳಗ್ಗೆ ಶೌಚಾಲಯಕ್ಕೆ ಹೋದಾಗ. ಶವ ಕೊಯ್ದು ನೋಡಿದ ವೈದ್ಯ ಫ್ರಾಂಕ್ ನಿಕೋಲ್ಸ್ ಹೃದಯದ ಚೀಲದಲ್ಲಿ ರಕ್ತ ತುಂಬಿದ್ದನ್ನು, ಅಯೋರ್ಟಾದ ಗೋಡೆ ಸೀಳಿದ್ದನ್ನು ಬರೆದಿಟ್ಟಿದ್ದಾನೆ.

ಇನ್ನೊಂದು ಸ್ವಾರಸ್ಯ ಇದೆ. ಈ ಆಪರೇಷನ್ನಿಗೆ ದಾರಿ ಹಾಕಿದವರಲ್ಲಿ ದೊಡ್ಡ ಹೆಸರು ಅಮೆರಿಕದ ಮೈಕೆಲ್ ಡಿಬೇಕಿ. 2005ರ ಡಿಸೆಂಬರ್ 31ರಂದು ಅವರಿಗೇ ಇದು ಆಯಿತು, ಆಗ ವಯಸ್ಸು 97. ಮೊದಲು ಆಪರೇಷನ್ ಬೇಡ ಎಂದರು. ಕೊನೆಗೆ 2006ರ ಫೆಬ್ರವರಿಯಲ್ಲಿ ಹ್ಯೂಸ್ಟನ್‌ನಲ್ಲಿ ಆಪರೇಷನ್ ಆಗಿ, ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಎದ್ದು ಬಂದರು. 2008ರ ಜುಲೈವರೆಗೆ ಬದುಕಿದ್ದರು.

ಹಾಕಿ_ಹುಚ್ಚ
97ಕ್ಕೆ ಎದೆ ತೆರೆದರಾ! ನಮ್ಮ ಕಡೆ 70 ದಾಟಿದರೆ ‘ಇನ್ಯಾಕೆ ಕಷ್ಟ ಕೊಡೋದು’ ಅಂತ ವಾಪಸ್ ಕರೆದುಕೊಂಡು ಬರ್ತಾರೆ.

ಐಸಿಯು_ಅಕ್ಕ
ನಾನು ಸಂಪಾಜೆಯವಳು, ಮಂಗಳೂರಿನಲ್ಲಿ ಕಾರ್ಡಿಯಾಕ್ ಐಸಿಯು ನರ್ಸ್. ಈ ಆಪರೇಷನ್ ಆದವರನ್ನು ನೋಡಿಕೊಂಡಿದ್ದೇನೆ, ಹಾಗಾಗಿ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಹೇಳ್ತೇನೆ. ಹೊರಗೆ ಕುರ್ಚಿಯಲ್ಲಿ ಕೂತವರಿಗೆ ಯಾರೂ ಹೇಳುವುದಿಲ್ಲ ನೋಡಿ.

ಬಲಗಡೆ ಕಾಲರ್ ಬೋನ್ ಕೆಳಗೆ ನಿಮ್ಮ ಮಾವನಿಗೆ ಸಣ್ಣ ಗಾಯದ ಗುರುತು ಇದೆಯಾ ನೋಡಿ. ಬಹಳ ಸಲ, ಆಪರೇಷನ್ ಹೊತ್ತಿನಲ್ಲಿ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಹಾರ್ಟ್‌ಲಂಗ್ ಮೆಷಿನ್ನಿನ ಪೈಪ್ ಹಾಕುವುದು ಅಲ್ಲಿಗೆ. ಮೈಯನ್ನು ತಣ್ಣಗೆ ಮಾಡುತ್ತಾರೆ, ಕೆಲವು ಕಡೆ 18–20 ಡಿಗ್ರಿ, ಈಗ ಹಲವರು 25ರ ಆಸುಪಾಸು. ಆಮೇಲೆ ಇಡೀ ಮೈಯ ರಕ್ತ ಓಡಾಟ ನಿಲ್ಲಿಸಿ, ಮೆದುಳಿಗೆ ಮಾತ್ರ ರಕ್ತ ಬಿಡುತ್ತಾ, ಕಮಾನಿನ ಹತ್ತಿರದ ಹೊಲಿಗೆ ಹಾಕುತ್ತಾರೆ. ಆ ಗೋಡೆ ಹೊಲಿಗೆ ಹಿಡಿಯುವಂಥ ಗೋಡೆ ಅಲ್ಲ. ಸೂಜಿ ಚುಚ್ಚಿದಲ್ಲೆಲ್ಲ ಹರಿಯುತ್ತದೆ. ಅದಕ್ಕೇ ದಪ್ಪ ಬಟ್ಟೆಯಂಥ ಫೆಲ್ಟ್ ಪಟ್ಟಿ ಇಟ್ಟು ಹೊಲಿಯುತ್ತಾರೆ.

ಐಸಿಯುಗೆ ಬಂದ ಮೊದಲ ರಾತ್ರಿ ನಮ್ಮ ಕಣ್ಣು ಎದೆಯಿಂದ ಹೊರಬರುವ ಡ್ರೈನ್ ಬಾಟಲಿ ಮೇಲೆ. ಗಂಟೆಗಂಟೆಗೆ ಗೆರೆ ಹಾಕುತ್ತೇವೆ. ಜಾಸ್ತಿ ಬಂದರೂ ಭಯ, ಇದ್ದಕ್ಕಿದ್ದ ಹಾಗೆ ನಿಂತರೆ ಇನ್ನೂ ಭಯ. ಒಳಗೆ ಹೆಪ್ಪುಗಟ್ಟಿ ಹೃದಯವನ್ನು ಒತ್ತುತ್ತಿರಬಹುದು. ಹಾಗಾದರೆ ಮತ್ತೆ ಎದೆ ತೆರೆಯಲೇಬೇಕು. ಎಚ್ಚರ ಬರುತ್ತಿದ್ದಂತೆ ಕೇಳುವುದು ಎರಡೇ: ನನ್ನ ಕೈ ಹಿಡಿದು ಒತ್ತಿ, ಕಾಲ್ಬೆರಳು ಆಡಿಸಿ. ಕೈ ಎತ್ತದಿದ್ದರೆ ಸ್ಟ್ರೋಕ್ ಇರಬಹುದು, ಎರಡೂ ಕಾಲು ಆಡದಿದ್ದರೆ ಬೆನ್ನುಹುರಿಗೆ ರಕ್ತ ಕಮ್ಮಿಯಾಗಿರಬಹುದು. ಹೊಟ್ಟೆ ಉಬ್ಬಿ, ರಕ್ತದಲ್ಲಿ ಲ್ಯಾಕ್ಟೇಟ್ ಎಂಬ ಆಮ್ಲದ ಅಂಶ ಏರುತ್ತಾ ಹೋದರೆ ಕರುಳಿಗೆ ರಕ್ತ ಸಿಗುತ್ತಿಲ್ಲ ಅಂತ ಅನುಮಾನ. ನಮಗೆ ಅತಿ ಹೆದರಿಕೆ ಇದರದ್ದೇ. ಕಿಡ್ನಿ ಮಾತ್ರ ಡಯಾಲಿಸಿಸ್ ಕೊಟ್ಟು ಕಾದರೆ ಎಷ್ಟೋ ಸಲ ತಿರುಗಿಬರುತ್ತದೆ, ನಿಮ್ಮ ಮಾವನಿಗೆ ಬಂದ ಹಾಗೆ.

ದನಿ ವಿಷಯ: ಎಡಗಡೆ ಧ್ವನಿತಂತುವಿನ ನರ ಅಯೋರ್ಟಾದ ಕಮಾನಿನ ಕೆಳಗೆ ಸುತ್ತಿ ಮೇಲೆ ಬರುತ್ತದೆ. ಅದಕ್ಕೆ ಪೆಟ್ಟಾಗಿರಬಹುದು, ಅಥವಾ ಗಂಟಲಲ್ಲಿ ದಿನಗಟ್ಟಲೆ ಟ್ಯೂಬ್ ಇದ್ದದ್ದರಿಂದಲೂ ಆಗಬಹುದು. ಇಎನ್‌ಟಿಯವರಿಗೆ ತೋರಿಸಿ. ನೀರು ಕುಡಿಯುವಾಗ ಕೆಮ್ಮು ಬರುತ್ತಿದ್ದರೆ ತಡ ಮಾಡಬೇಡಿ.

ನಾಪೋಕ್ಲು_ರೋಬಸ್ಟಾ
ಅಕ್ಕ, ಕಾಲರ್ ಬೋನ್ ಕೆಳಗೆ ಗಾಯ ಇದೆ! ಅದು ಯಾಕೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಹಾ ಕುಡಿಯುವಾಗ ಕೆಮ್ಮುತ್ತಾರೆ ಕೂಡ.

ಐಸಿಯು_ಅಕ್ಕ
ಹಾಗಾದರೆ ಈ ವಾರವೇ ಇಎನ್‌ಟಿ. ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತೆ.

ಸಿದ್ದಾಪುರ_ರೈಟರ್
ಬದುಕುಳಿಯುವ ಚಾನ್ಸ್ ಎಷ್ಟು? ಸುಮ್ನೆ ಧೈರ್ಯ ಹೇಳಬೇಡಿ, ಲೆಕ್ಕ ಹೇಳಿ.

ಡಾಕ್ಟ್ರು_ಗೋಣಿಕೊಪ್ಪ
ಹಲವು ದೇಶಗಳ ದೊಡ್ಡ ಆಸ್ಪತ್ರೆಗಳು ಸೇರಿ 1996ರಿಂದ ಇಟ್ಟಿರುವ ದಾಖಲೆ ಇದೆ. ಅದರ ಪ್ರಕಾರ ಶುರುವಿನಲ್ಲಿ ಟೈಪ್ ಎ ಆಪರೇಷನ್ ಆದ 100 ಜನರಲ್ಲಿ 25 ಜನ ಆಸ್ಪತ್ರೆಯಲ್ಲೇ ತೀರಿಕೊಳ್ಳುತ್ತಿದ್ದರು. 2013ರ ಹೊತ್ತಿಗೆ ಅದು 18ಕ್ಕೆ ಇಳಿಯಿತು. ಕಾಲು, ಕರುಳು, ಮೆದುಳಿಗೆ ಮೊದಲೇ ರಕ್ತ ನಿಂತವರಲ್ಲಿ ಸಾವು ಇನ್ನೂ ಜಾಸ್ತಿ. ಕಾಲಿಗೆ ರಕ್ತ ನಿಂತು, ಕಿಡ್ನಿ ಕೆಟ್ಟು, ಆಮೇಲೂ ಮಾವ ಮನೆಯಲ್ಲಿ ನಡೆದಾಡುತ್ತಿದ್ದಾರೆ ಎಂದರೆ ಆ ಸರ್ಜನ್ ಮೇಲೆ ಕೇಸ್ ಹಾಕುವ ಮಾತು ನನಗೆ ಹಿಡಿಸಲಿಲ್ಲ.

ಕುಶಾಲನಗರ_ಸ್ಟೇರಿಂಗ್
ನಾನು ಆಂಬುಲೆನ್ಸ್ ಓಡಿಸ್ತೇನೆ. ನೀವೆಲ್ಲ ಪದರ, ಕೊಳವೆ ಅಂತ ಮಾತಾಡ್ತೀರಿ, ನನಗೆ ಕಾಣೋದು ರೋಡು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮಂಗಳೂರು ಸುಮಾರು 140, ಅದೂ ಸಂಪಾಜೆ ಘಾಟಿ ಇಳಿದು. ಜಿಲ್ಲೆಯಲ್ಲಿ ರೈಲೂ ಇಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದಾಗ ಮಂಗಳೂರು ದಾರಿಯೇ ಬಂದ್. ರಾತ್ರಿ ಆನೆಕಾಡು ಹತ್ತಿರ ಆನೆ ಅಡ್ಡ ನಿಂತರೆ ಸೈರನ್ ಆಫ್ ಮಾಡಿ ಕಾಯೋದೇ. ಹಿಂದೆ ಪೇಷಂಟ್ ನರಳುತ್ತಿರ್ತಾರೆ.

ಹಾಕಿ_ಹುಚ್ಚ
2019ರಲ್ಲಿ ಕೊಡಗಿಗೆ ಎಮರ್ಜೆನ್ಸಿ ಆಸ್ಪತ್ರೆ ಬೇಕು ಅಂತ ಟ್ವಿಟರ್ ತುಂಬಾ ಗಲಾಟೆ ಮಾಡಿದ್ದೆವಲ್ಲ. ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜಿದೆ, ಆದರೆ ಎದೆ ತೆರೆಯಬೇಕು ಅಂದರೆ ಇವತ್ತಿಗೂ ಬೆಟ್ಟ ಇಳಿಯಲೇಬೇಕು.

ಡಾಕ್ಟ್ರು_ಗೋಣಿಕೊಪ್ಪ
ಗಲಾಟೆ ಸರಿಯೇ. ಆದರೆ ಒಂದು ಕಹಿ ಮಾತು ಹೇಳ್ತೇನೆ. ನಾಳೆ ಕೊಡಗಿನಲ್ಲಿ ಕಟ್ಟಡ ಕಟ್ಟಿದರೂ ಈ ಆಪರೇಷನ್ ಇಲ್ಲಿ ಮಾಡಿಸಿಕೊಳ್ಳಬೇಡಿ. ವರ್ಷಕ್ಕೆ ಒಂದೆರಡು ಮಾಡುವ ತಂಡಕ್ಕಿಂತ ಪದೇ ಪದೇ ಮಾಡುವ ತಂಡದ ಕೈಯಲ್ಲಿ ಜನ ಜಾಸ್ತಿ ಉಳಿಯುತ್ತಾರೆ. ನಮಗೆ ಇಲ್ಲಿ ಬೇಕಾಗಿರುವುದು ಮೂರು ಹೊತ್ತೂ ಸಿಟಿ ತೆಗೆದು ಓದುವವರು, ಆಮೇಲೆ ಬಿಪಿ ಇಳಿಸುವ ಡ್ರಿಪ್ ಹಿಡಿದು ಜೊತೆಗೆ ಹೋಗುವ ಒಬ್ಬ ಡಾಕ್ಟರ್. ದಾರಿಯುದ್ದಕ್ಕೂ ಮೇಲಿನ ಬಿಪಿ 100–120ರಲ್ಲಿ, ಹೃದಯ ಬಡಿತ 60ರ ಕೆಳಗೆ ಇರಬೇಕು. ನೋವಿಗೆ ಮಾರ್ಫಿನ್. ಅದಿಲ್ಲದೆ ಎಷ್ಟು ಜೋರಾಗಿ ಓಡಿಸಿದರೂ ಪ್ರಯೋಜನ ಕಮ್ಮಿ.

ಕುಶಾಲನಗರ_ಸ್ಟೇರಿಂಗ್
ಇದು ಮಾತು ಡಾಕ್ಟ್ರೇ. ಇನ್ನೊಂದು, ಕ್ಯಾಥ್‌ಲ್ಯಾಬ್ (ಆಂಜಿಯೋಗ್ರಾಂ ಮಾಡುವ ಕೋಣೆ) ಇದ್ದ ಕೂಡಲೇ ಅಲ್ಲಿ ಸರ್ಜನ್ ಇರ್ತಾರೆ ಅಂತಲ್ಲ. ಹೊರಡುವ ಮೊದಲೇ ಫೋನ್ ಮಾಡಿ ‘ಅಯೋರ್ಟಾ ಆಪರೇಷನ್ ಮಾಡುವ ಸರ್ಜನ್ ಈಗ ಇದ್ದಾರಾ, ಬೆಡ್ ಇದೆಯಾ’ ಅಂತ ಕೇಳಿ. ಒಂದು ಆಸ್ಪತ್ರೆ ಗೇಟಿನಿಂದ ಇನ್ನೊಂದು ಗೇಟಿಗೆ ಸುತ್ತಿದ್ದು ನೋಡಿದ್ದೇನೆ.

ಕಾವೇರಿ_ತೀರ
ನಮ್ಮ ಮನೆಯಲ್ಲಿ ಎದೆನೋವು ಕಿಟ್ ಇಟ್ಟಿದ್ದೇವೆ, ಆಸ್ಪಿರಿನ್, ನಾಲಿಗೆ ಕೆಳಗಿನ ಮಾತ್ರೆ. ಇದನ್ನೆಲ್ಲ ಓದಿ ಈಗ ಕೊಡಬೇಕಾ ಬೇಡವಾ ಅಂತ ಗೊಂದಲ. ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಫ್ರೀ ಕೊಡ್ತಾರಲ್ವಾ, ಅದು ಇದಕ್ಕೆ ಅಪಾಯ ತಾನೇ?

ಐಸಿಯು_ಅಕ್ಕ
ಕಿಟ್ ಎಸೆಯಬೇಡಿ. ಹಾರ್ಟ್ ಅಟ್ಯಾಕ್ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಆ ಇಂಜೆಕ್ಷನ್ನಿನಿಂದ ಉಳಿದವರು ತುಂಬಾ ಜನ. ಆದರೆ ಡಿಸೆಕ್ಷನ್ ಇದ್ದವರಿಗೆ ಅದನ್ನು ಕೊಟ್ಟರೆ ರಕ್ತ ನಿಲ್ಲಿಸುವುದು ಕಷ್ಟ. ಸುಳಿವು ಏನೆಂದರೆ, ನೋವು ನಿಧಾನ ಏರುವುದಿಲ್ಲ, ಶುರುವಾದ ಕ್ಷಣವೇ ತಾರಕಕ್ಕೆ ಹೋಗಿರುತ್ತದೆ. ಬೆನ್ನಿಗೆ ಅಥವಾ ಹೊಟ್ಟೆಗೆ ಇಳಿಯುತ್ತದೆ. ಜೊತೆಗೆ ಕೈಯೋ ಕಾಲೋ ಸೋಲುತ್ತದೆ, ಕೆಲವರು ತಲೆ ಸುತ್ತಿ ಬೀಳುತ್ತಾರೆ. ಹಾಗಿದ್ದರೆ ಮಾತ್ರೆ ನುಂಗಿಸದೆ ಆಸ್ಪತ್ರೆಗೆ ಹೋಗಿ, ‘ಎರಡೂ ಕೈಗೆ ಬಿಪಿ ನೋಡಿ’ ಅಂತ ಬಾಯಿಬಿಟ್ಟು ಹೇಳಿ. ಬೈಸಿಕೊಂಡರೂ ಪರವಾಗಿಲ್ಲ.

ಡಾಕ್ಟ್ರು_ಗೋಣಿಕೊಪ್ಪ
ಅದಕ್ಕೆ ಒಂದು ಸೇರಿಸ್ತೇನೆ. ಎರಡೂ ಕೈ ಬಿಪಿ ಒಂದೇ ಇದ್ದರೂ ಡಿಸೆಕ್ಷನ್ ಇರಬಹುದು. ಇಸಿಜಿ ಕೆಟ್ಟಿದ್ದರೂ ಇರಬಹುದು, ಸೀಳು ಹೃದಯದ ನಾಳದ ಬಾಯಿಗೇ ಹೋಗಿದ್ದರೆ. ಕೊನೆಗೆ ಹೇಳುವುದು ಸಿಟಿಯೇ.

ಎಸ್ಟೇಟ್_ತಾತ
ಬೆಳಗ್ಗೆ ಹೊತ್ತೇ ಯಾಕೆ ಆಗುತ್ತೆ? ಆ ದೊರೆಗೂ ಬೆಳಗ್ಗೆ, ಇವರ ಮಾವನಿಗೂ ಬೆಳಗ್ಗೆ.

ಡಾಕ್ಟ್ರು_ಗೋಣಿಕೊಪ್ಪ
ಒಳ್ಳೇ ಪ್ರಶ್ನೆ. ಬೆಳಗ್ಗೆ ಬಿಪಿ ಏರುತ್ತದೆ. ಬೆಳಗ್ಗೆ 6ರಿಂದ ಮಧ್ಯಾಹ್ನದೊಳಗೆ, ಹಾಗೂ ಚಳಿಗಾಲದಲ್ಲಿ ಇದು ಜಾಸ್ತಿ ಎಂದು ಅಧ್ಯಯನಗಳಲ್ಲಿ ಕಂಡಿದೆ. ನಮ್ಮಲ್ಲಿ ಡಿಸೆಂಬರ್, ಜನವರಿಯ ಚಳಿ, ಕೊಯ್ಲಿನ ಗಡಿಬಿಡಿ, ಮರೆತ ಮಾತ್ರೆ, ಹಿಂದಿನ ರಾತ್ರಿಯ ಪೆಗ್ಗು ಎಲ್ಲ ಒಟ್ಟಿಗೆ ಬರುತ್ತವೆ.

ಎಸ್ಟೇಟ್_ತಾತ
ಪೆಗ್ಗಿಗೆ ಬಂದಿರಾ. ಇನ್ನು ಪಂದಿಕರಿಗೂ ಬರ್ತೀರಿ ಅಂತ ಗೊತ್ತಿತ್ತು.

ಐಸಿಯು_ಅಕ್ಕ
ಪಂದಿಕರಿ ಅಪರೂಪಕ್ಕೆ ತಿನ್ನಿ ತಾತ, ಅದಕ್ಕೆ ಹಾಕುವ ಹುಳಿ ಕಾಚಂಪುಳಿಗೆ ಯಾರೂ ಬೈದಿಲ್ಲ. ಜೊತೆಗಿರುವ ಉಪ್ಪು, ಉಪ್ಪಿನಕಾಯಿ, ಸಿಗರೇಟು, ಅದಕ್ಕೆ ನಮ್ಮ ತಕರಾರು.

ಎರಡನೇ_ಇನ್ನಿಂಗ್ಸ್
ನಾನೂ ಇದೇ ಆಪರೇಷನ್ ಆದವನು. ವಿರಾಜಪೇಟೆ ಕಡೆ. ನನಗೆ ಕವಾಟವೂ ಕೆಟ್ಟಿದ್ದರಿಂದ ಬೆಂಟಾಲ್ ಮಾಡಿದರು, ಕೊಳವೆ ಜೊತೆ ಲೋಹದ ಕವಾಟ. ರಾತ್ರಿ ನಿಶ್ಶಬ್ದದಲ್ಲಿ ಟಿಕ್ ಟಿಕ್ ಅಂತ ಕೇಳುತ್ತೆ, ಮೊಮ್ಮಗಳು ‘ಅಜ್ಜ ಗಡಿಯಾರ ನುಂಗಿದ್ದಾರೆ’ ಅಂತಾಳೆ.

ಲೋಹದ ಕವಾಟ ಅಂದರೆ ಜೀವನಪೂರ್ತಿ ವಾರ್ಫರಿನ್, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಮಾತ್ರೆ. ರಕ್ತ ಎಷ್ಟು ತಡವಾಗಿ ಹೆಪ್ಪುಗಟ್ಟುತ್ತೆ ಅಂತ ತೋರಿಸುವ ಐಎನ್‌ಆರ್ 2–3ರ ಮಧ್ಯೆ ಇರಬೇಕು ಅಂತ ನನಗೆ ಹೇಳಿದ್ದಾರೆ. ಸೊಪ್ಪು ಬಿಡಬೇಕಿಲ್ಲ, ದಿನಾ ಹೆಚ್ಚುಕಮ್ಮಿ ಒಂದೇ ಅಳತೆ ತಿನ್ನಬೇಕು. ಇಲ್ಲಿ ಮಳೆಗಾಲದಲ್ಲಿ ಯಾವ ಡಾಕ್ಟರೂ ಹೇಳದ ತೊಂದರೆ ಒಂದಿದೆ: ಜಿಗಣೆ. ವಾರ್ಫರಿನ್ ತಗೊಳ್ಳುವವನ ಕಾಲಿಗೆ ಜಿಗಣೆ ಹತ್ತಿದರೆ ಬೇಗ ರಕ್ತ ನಿಲ್ಲುವುದಿಲ್ಲ. ಗಮ್‌ಬೂಟ್ ಒಳಗೆ ಸಾಕ್ಸ್ ಪೂರ್ತಿ ನೆನೆದಿರುತ್ತೆ. ಈಗ ಉದ್ದ ಲೀಚ್ ಸಾಕ್ಸ್ ಹಾಕದೆ ತೋಟಕ್ಕೆ ಇಳಿಯಲ್ಲ, ಜೇಬಲ್ಲಿ ಗಾಜ್ ಬಟ್ಟೆ ಇರುತ್ತೆ. ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು, ಮಧ್ಯೆ ಮಧ್ಯೆ ಎತ್ತಿ ನೋಡಬಾರದು.

ಸುಂಟಿಕೊಪ್ಪದವ
ಜಿಗಣೆಗೆ ಸುಣ್ಣ, ಹೊಗೆಸೊಪ್ಪು ಹಚ್ಚಿ, ಹತ್ತಿರ ಬರಲ್ಲ.

ಎರಡನೇ_ಇನ್ನಿಂಗ್ಸ್
ಹಚ್ಚಿ ನೋಡಿದ್ದೇನೆ ಮಾರಾಯ್ರೇ, ಜೂನ್ ಮಳೆಗೆ ಐದು ನಿಮಿಷದಲ್ಲಿ ತೊಳೆದುಹೋಗುತ್ತೆ.

ನಾಪೋಕ್ಲು_ರೋಬಸ್ಟಾ
ಮಾವನಿಗೆ ಕವಾಟ ಬದಲಿಸಿಲ್ಲ, ವಾರ್ಫರಿನ್ ಇಲ್ಲ. ಆದರೆ ಅವರ ಪ್ರಶ್ನೆ ಬೇರೆಯೇ. ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ (ನಮ್ಮ ಕೋವಿ ಪೂಜೆಯ ಹಬ್ಬ), ತೆಂಗಿನಕಾಯಿಗೆ ಗುಂಡು ಹೊಡೆಯಬಹುದಾ ಅಂತ ಕೇಳ್ತಿದ್ದಾರೆ. ನಾನು ನಗಬೇಕೋ ಅಳಬೇಕೋ.

ಡಾಕ್ಟ್ರು_ಗೋಣಿಕೊಪ್ಪ
ಎದೆ ಮೂಳೆ ಕೂಡಲು ಎರಡು ಮೂರು ತಿಂಗಳು ಸಾಕು, ಅದು ಮುಗಿದಿದೆ. ಆದರೆ ಉಸಿರು ಬಿಗಿಹಿಡಿದಾಗ ಬಿಪಿ ಒಮ್ಮೆಲೇ ಏರುತ್ತದೆ, ಉಳಿದಿರುವ ಸೀಳಿನ ಮೇಲೆ ಅದರ ಒತ್ತಡ ಬೀಳುತ್ತದೆ. ಕೋವಿಯ ಹಿಂದೇಟು ಬೇರೆ ಭುಜಕ್ಕೆ, ಅದೂ ಪೈಪ್ ಹಾಕಿದ ಬಲಭುಜಕ್ಕೆ. ಈ ವರ್ಷ ಕೋವಿಗೆ ಹೂವಿಟ್ಟು ಪೂಜೆ ಮಾಡಲಿ, ಗುಂಡು ನೀವು ಹೊಡೆಯಿರಿ. ಕಾಫಿ ಮೂಟೆ ಎತ್ತುವುದು ಮಾತ್ರ ಈ ವರ್ಷ ಅಂತಲ್ಲ, ಯಾವತ್ತೂ ಬೇಡ. ನಡಿಗೆ ಒಳ್ಳೆಯದು.

ಮತ್ತೊಂದು, ಮೂತ್ರದ ಸೋಂಕೋ ಕೆಮ್ಮೋ ಅಂತ ಮೆಡಿಕಲ್ ಸ್ಟೋರಿನಿಂದ ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ತಂದು ಕೊಡಬೇಡಿ. ಆ ಗುಂಪಿನ ಆಂಟಿಬಯಾಟಿಕ್‌ಗಳು ಅಯೋರ್ಟಾ ದುರ್ಬಲ ಇರುವವರಿಗೆ ಅಪಾಯ ಎಂದು ಅಮೆರಿಕದ ಔಷಧ ಇಲಾಖೆ 2018ರ ಡಿಸೆಂಬರ್‌ನಲ್ಲೇ ಎಚ್ಚರಿಸಿದೆ. ಬೇರೆ ದಾರಿಯೇ ಇಲ್ಲದಿದ್ದರೆ ಡಾಕ್ಟರೇ ಯೋಚಿಸಿ ಕೊಡಲಿ.

ಸಿದ್ದಾಪುರ_ರೈಟರ್
ಖರ್ಚು? ನಮ್ಮ ಲೈನ್‌ಮನೆ ಕಾರ್ಮಿಕರಿಗೆ ಹೀಗಾದರೆ ಏನು ಗತಿ?

ಐಸಿಯು_ಅಕ್ಕ
ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜಿನ 30%, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಮೈಸೂರಿನಲ್ಲಿ ಸರ್ಕಾರದ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ಕಾರ್ಡ್, ಆಧಾರ್ ಎರಡನ್ನೂ ಆಂಬುಲೆನ್ಸ್‌ಗೆ ಹತ್ತಿಸುವಾಗಲೇ ತಗೊಳ್ಳಿ. ಹೊರರಾಜ್ಯದ ಕಾರ್ಮಿಕರ ಕಾರ್ಡ್ ವಿಷಯದಲ್ಲಿ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಮೊದಲು ಹಿಡಿಯಿರಿ.

ಹಾಕಿ_ಹುಚ್ಚ
ನಮ್ಮ ಟೀಮಲ್ಲಿ ಒಬ್ಬ ಹುಡುಗ ಇದ್ದಾನೆ, ಆರಡಿ ನಾಲ್ಕಿಂಚು, ಉದ್ದುದ್ದ ಬೆರಳು, ದಪ್ಪ ಕನ್ನಡಕ. ಉದ್ದ ಇರುವವರಿಗೆ ಇದು ಬರುತ್ತೆ ಅಂತ ಎಲ್ಲೋ ಓದಿದ ನೆನಪು.

ಡಾಕ್ಟ್ರು_ಗೋಣಿಕೊಪ್ಪ
ಉದ್ದ ಇದ್ದ ಮಾತ್ರಕ್ಕೆ ಅಲ್ಲ. ಮಾರ್ಫಾನ್ ಅಂತ, ಅಯೋರ್ಟಾದ ಗೋಡೆ ದುರ್ಬಲವಾಗುವ ವಂಶವಾಹಿ ತೊಂದರೆ ಇದೆ, ನೀವು ಹೇಳಿದ್ದು ಅದಕ್ಕೆ ಹತ್ತಿರ ಇದೆ. ಅಮೆರಿಕದ ವಾಲಿಬಾಲ್ ಆಟಗಾರ್ತಿ ಫ್ಲೋ ಹೈಮನ್ 1986ರಲ್ಲಿ ಜಪಾನಿನಲ್ಲಿ ಪಂದ್ಯದ ಮಧ್ಯೆ ಕುಸಿದು ತೀರಿಕೊಂಡದ್ದು ಇದರಿಂದಲೇ, ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಹುಡುಗನನ್ನು ಹೆದರಿಸಬೇಡಿ, ಒಂದು ಎಕೋ (ಹೃದಯದ ಸ್ಕ್ಯಾನ್) ಮಾಡಿಸಲಿ. ಮುಂದಿನ ಟೂರ್ನಮೆಂಟ್‌ಗೆ ಮೊದಲು.

ನಾಪೋಕ್ಲು_ರೋಬಸ್ಟಾ
ಹಾಗಾದರೆ ಅಮ್ಮ? ಮಾವನ ಮಕ್ಕಳು?

ಡಾಕ್ಟ್ರು_ಗೋಣಿಕೊಪ್ಪ
ಒಡಹುಟ್ಟಿದವರು, ಮಕ್ಕಳು ಎಲ್ಲರೂ ಒಮ್ಮೆ ಎಕೋ ಮಾಡಿಸಬೇಕು. ಅಮ್ಮನ ಬಿಪಿಯನ್ನೂ ನೋಡಿಸಿ. ನಿಮ್ಮದು ಅಮ್ಮನ ರಿಪೋರ್ಟ್ ನೋಡಿದ ಮೇಲೆ.

ಮಾವನಿಗೆ ಮುಂದಿನ ಸಿಟಿ ಯಾವಾಗ? ಅಯೋರ್ಟಾದ ಕೆಳಗಿನ ಭಾಗದ ಅಗಲ ಮುಖ್ಯ. ಅದು 5.5 ಸೆಂಟಿಮೀಟರ್ ಹತ್ತಿರ ಬಂದರೆ, ಅಥವಾ ಬೇಗ ಬೇಗ ದೊಡ್ಡದಾದರೆ, ಆಗ ಸ್ಟೆಂಟೋ ಇನ್ನೊಂದು ಆಪರೇಷನ್ನೋ ಎಂಬ ಮಾತು. ಬೆಂಗಳೂರಿನ ಅಭಿಪ್ರಾಯ ಬೇಕಿದ್ದರೆ ಆಗ ತಗೊಳ್ಳಿ, ಈಗ ಅವಸರ ಇಲ್ಲ.

ನಾಪೋಕ್ಲು_ರೋಬಸ್ಟಾ
ಆರನೇ ತಿಂಗಳ ಸಿಟಿ ಈಗಲೇ ಮಾಡಿಸಬೇಕಿದೆ. ಕಿಡ್ನಿ ಒಮ್ಮೆ ಕೆಟ್ಟದ್ದಲ್ವಾ, ಸಿಟಿಗೆ ರಕ್ತನಾಳ ಕಾಣಲು ಚುಚ್ಚುವ ಡೈ ಹಾಕಿದರೆ ಮತ್ತೆ ತೊಂದರೆ ಆಗುತ್ತಾ?

ಐಸಿಯು_ಅಕ್ಕ
ಮೊದಲು ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯೇಟಿನಿನ್ ಟೆಸ್ಟ್ ಮಾಡಿಸಿ ಸರ್ಜನ್‌ಗೆ ತೋರಿಸಿ. ಜಾಸ್ತಿ ಇದ್ದರೆ ಎಂಆರ್‌ಐ ಮಾಡುವ ದಾರಿ ಇದೆ. ಮತ್ತೆ ಹಳೇ ಸಿಟಿಯ ಸಿಡಿ ತಗೊಂಡು ಹೋಗಿ, ಕಾಗದ ಮಾತ್ರ ಸಾಲದು. ಹಳೆಯದು ಹೊಸದು ಪಕ್ಕಪಕ್ಕ ಇಟ್ಟು ಅಳೆಯಬೇಕು.

ನಾಪೋಕ್ಲು_ರೋಬಸ್ಟಾ
ಸಿಡಿ ಮೈಸೂರಿನಲ್ಲೇ ಬಿಟ್ಟು ಬಂದಿದ್ದಾರಂತೆ. ಸೋಮವಾರ ಫೋನ್ ಮಾಡಿ ಕೇಳ್ತೇನೆ. ಇಎನ್‌ಟಿ ಅಪಾಯಿಂಟ್‌ಮೆಂಟ್ ಈಗಷ್ಟೇ ತಗೊಂಡೆ, ಗುರುವಾರ.